ಕುರ್ಚಿಯ ಅದೃಷ್ಟವನ್ನು ಕಳೆದು ಅಂಕ ಬರೆಯುವ ಲೆಕ್ಕದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಭಾಂಗಣದ ಬೀಗ ತೆಗೆದವರೇ ಲೆಕ್ಕದಕ್ಕ ತೋಳೇರಿಸಿಕೊಂಡು ಮೇಜುಗಳನ್ನು ಅರ್ಧವೃತ್ತಕ್ಕೆ ಎಳೆಯುತ್ತಿದ್ದಾರೆ. ಆರು ತಂಡ, ಆರು ಮೇಜು. ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ರಸಪ್ರಶ್ನೆ ಸ್ಪರ್ಧೆ. ತಮ್ಮ ಬಗ್ಗೆ ಪತ್ರಿಕೆಗೆ ಬರೆಯಲು ಬಂದವನು ಎಂಬ ಮುಲಾಜೂ ಇಲ್ಲದೆ ಮೇಜಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಡುತ್ತಾರೆ.

ವಾರವಿಡೀ ಇವರು ಬಟ್ಟೆ ಹೊಲಿಯುವ ಟೈಲರ್. ರಜೆ ಬಂತೆಂದರೆ ಕಪ್ಪುಹಲಗೆಯ ಪಕ್ಕ ಹಾಜರ್. ಹನ್ನೆರಡು ವರ್ಷದಿಂದ ಅಂಕ ಬರೆಯುತ್ತಿದ್ದಾರೆ. ಗೆದ್ದವರ ಫೋಟೊಗಳನ್ನು ನೋಡಿದೆ, ಎಲ್ಲದರಲ್ಲೂ ಇವರಿದ್ದಾರೆ, ಬೆನ್ನು ಮಾತ್ರ.

ಅಂಕ ಬರೆಯುವುದೇನು ಮಹಾ ಎನ್ನಬೇಡಿ. ಒಂದು ತಂಡಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಪ್ರಶ್ನೆ ಪಕ್ಕದ ತಂಡಕ್ಕೆ ದಾಟುತ್ತದೆ. ಹಾಗಾಗಿ ದಡ್ಡರ ಪಕ್ಕ ಕುಳಿತವರಿಗೆ ಸುಗ್ಗಿ, ಜಾಣರ ಪಕ್ಕ ಕುಳಿತವರಿಗೆ ಬರೀ ಕೈ. ಲೆಕ್ಕದಕ್ಕ ಬರೀ ಮೊತ್ತವನ್ನು ನಂಬುವುದಿಲ್ಲ. ಎದುರಿಗೆ ಬಂದ ಪ್ರಶ್ನೆ ಎಷ್ಟು, ಉತ್ತರಿಸಿದ್ದು ಎಷ್ಟು ಎಂದು ಭಾಗಿಸಿ ತಂಡದ ಬಲ ಹೇಳುತ್ತಾರೆ.

“ಮೊತ್ತದಲ್ಲಿ ಕುರ್ಚಿಯ ಅದೃಷ್ಟವೂ ಸೇರಿರುತ್ತೆ. ನನಗೆ ಬೇಕಾಗಿರೋದು ಮಕ್ಕಳ ಬುದ್ಧಿ,” ಅನ್ನುತ್ತಾರೆ.

ಹೋದ ವರ್ಷ ಈ ಲೆಕ್ಕ ಇವರ ಮನೆಗೇ ಬಂದು ಕೂತಿತು. ರಾಷ್ಟ್ರಮಟ್ಟದ ಸ್ಪರ್ಧೆಗೆ ಕಳಿಸಬೇಕಾದದ್ದು ಒಂದೇ ತಂಡ. ಮೊತ್ತದಲ್ಲಿ ಮೊದಲು ಬಂದದ್ದು ಇವರ ಮಗಳ ತಂಡ, ಮೂವತ್ತು ಪ್ರಶ್ನೆ ಸಿಕ್ಕಿ ಹದಿನೈದು ಉತ್ತರ. ಎರಡನೆಯವರಿಗೆ ಸಿಕ್ಕಿದ್ದೇ ಹದಿನಾರು, ಹೇಳಿದ್ದು ಹನ್ನೆರಡು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಸಂಘಟಕರಿಗೆ ಹೇಳಿದರು, ಎರಡನೆಯ ತಂಡ ಹೊರಟಿತು. ಅಲ್ಲಿಂದ ಆಯ್ಕೆಗೆ ಈ ಲೆಕ್ಕವೇ ಕಾಯಂ ಆಯಿತು. ಮಗಳು ವಾರಗಟ್ಟಲೆ ಮುಖ ಊದಿಸಿಕೊಂಡಳು. ಹೆತ್ತವಳೇ ಹೀಗೆ ಮಾಡೋದಾ ಅಂತ ಗಂಡನೂ ಗೊಣಗಿದರಂತೆ.

“ನನಗೂ ಕರುಳು ಚುರ್ ಅಂತು. ಆದರೆ ಸುಳ್ಳು ಗೆಲುವನ್ನ ಅವಳ ತಲೆಗೆ ಕಟ್ಟೋಕೆ ಮನಸ್ಸು ಬರಲಿಲ್ಲ.”

ಈಗ ನೋಡಿ ಮಜಾ. ಜಾಗಕ್ಕೆ ಚೀಟಿ ಎತ್ತುವ ಮೊದಲೇ ಮಗಳು ಬಂದು, ಕಳೆದ ವರ್ಷ ಆಯ್ಕೆಯಾದ ಆ ಜಾಣ ತಂಡದ ನಂತರದ ಮೇಜೇ ತಮಗೆ ಬೇಕು ಎನ್ನುತ್ತಾಳೆ. ಬಿಟ್ಟಿ ಪ್ರಶ್ನೆ ಹೆಚ್ಚು ಸಿಗದ ಜಾಗ ಅದು, ಬೇರೆ ಯಾರಿಗೂ ಬೇಡ. ಸಂಘಟಕರು ಒಪ್ಪುತ್ತಾರೆ. ಅಕ್ಕ ಹಲಗೆ ಒರೆಸಲು ತಿರುಗುತ್ತಾರೆ.

ಸ್ಪರ್ಧೆ ಮುಗಿದಾಗ ಮೊತ್ತದಲ್ಲಿ ಮಗಳ ತಂಡ ಎರಡನೆಯದು. ಭಾಗಿಸುವ ಹೊತ್ತಿಗೆ ಅಕ್ಕ, ಇದರಲ್ಲಿ ನನ್ನ ಮಗಳಿದ್ದಾಳೆ, ನೀವೇ ಮಾಡಿ ಎಂದು ಸೀಮೆಸುಣ್ಣವನ್ನು ಕ್ವಿಜ್ ಮಾಸ್ಟರ್ ಕೈಗಿಡುತ್ತಾರೆ. ಅವರು ಒಮ್ಮೆ ಭಾಗಿಸುತ್ತಾರೆ, ಅನುಮಾನಕ್ಕೆ ಇನ್ನೊಮ್ಮೆ. ಹದಿನೆಂಟು ಪ್ರಶ್ನೆ, ಹದಿನೈದು ಉತ್ತರ. ಉಳಿದ ಯಾವ ತಂಡವೂ ಹತ್ತಿರ ಸುಳಿದಿಲ್ಲ. ಈ ಸಲ ರಾಷ್ಟ್ರಮಟ್ಟಕ್ಕೆ ಹೋಗುವುದು ಅವಳ ತಂಡವೇ. ನನ್ನ ಮಗಳೇನಲ್ಲ, ಆದರೂ ನನ್ನ ಎದೆ ಉಬ್ಬುತ್ತದೆ.

ಅಕ್ಕನ ಕಣ್ಣು ತುಂಬಿದೆ, ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ. “ಇದು ಕುರ್ಚಿ ಕೊಟ್ಟದ್ದಲ್ಲ, ಅವಳೇ ದುಡಿದದ್ದು. ಅಲ್ಲಿ ಸೋತು ಬಂದರೂ ಸರಿ, ಇವಳು ನನ್ನ ಮಗಳು ಅಂತ ಎದೆ ತಟ್ಟಿ ಹೇಳ್ತೀನಿ.”