ತಟ್ಟೆಗೆ ಬಿದ್ದ ಏಳು ಸದ್ದು

ಧಾನ್ಯದ ಗೋದಾಮಿನ ಕಾವಲುಗಾರನನ್ನು ಓಣಿಯವರೆಲ್ಲ ಜನರಲ್ ಎಂದೇ ಕರೆಯುತ್ತಿದ್ದರು. ಸೈನ್ಯದ ಬಾಗಿಲನ್ನೂ ಕಂಡವನಲ್ಲ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವನು ಬಂದೂಕು ಹಾರಿಸಿದ್ದು ನಾಲ್ಕೇ ಸಲ, ನಾಲ್ಕೂ ಆಕಾಶಕ್ಕೆ. ಆದರೆ ತಿಂಗಳಿಗೊಮ್ಮೆ ಧಣಿಯ ಆ ಹಳೇ ಸಣ್ಣ ಬಂದೂಕನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವುದನ್ನು ಒಂದು ಸಲವೂ ತಪ್ಪಿಸಿದವನಲ್ಲ.

ಹೆಂಡತಿ ಅದೇ ಕೋಣೆಯ ಕಿಟಕಿಯ ಹತ್ತಿರ ಕೂತು ಊರವರ ಬಟ್ಟೆ ಹೊಲಿಯುತ್ತಿದ್ದಳು. ಬಂದೂಕನ್ನು ಅವಳು ಮುಟ್ಟಿದ್ದಿಲ್ಲ. ಆದರೂ ಆ ಕೆಲಸವೆಲ್ಲ ಅವಳ ಕಿವಿಗೆ ಬಾಯಿಪಾಠವಾಗಿತ್ತು. ಮೊದಲು ನಳಿಗೆಯ ಕೆಳಗಿನ ಕೊಳವೆಯಿಂದ ತೋಟಾಗಳು ಪಿಂಗಾಣಿ ತಟ್ಟೆಗೆ ಟಣ್ ಟಣ್ ಎಂದು ಎಂಟು ಸಲ ಬೀಳಬೇಕು. ಆಮೇಲೆ ಬೋಲ್ಟು ಕಳಚುವ ಕಿರ್ರ್. ಆಮೇಲೆ ಬಟ್ಟೆ ಸುತ್ತಿದ ಸಲಾಕೆ ನಳಿಗೆಯೊಳಗೆ ಹೋಗಿ ಬರುವ ಸುಯ್ ಸುಯ್.

ಇವತ್ತು ಅವಳಿಗೆ ಕೇಳಿಸಿದ್ದು ಏಳೇ.

ಎಂಟನೆಯದು ಮಿಷನ್ನಿನ ಸದ್ದಿನಲ್ಲಿ ಮುಳುಗಿಹೋಯಿತೇನೋ ಎಂದುಕೊಂಡಳು. ಕೇಳೋಣವೆಂದರೆ ಗಂಡನ ಮುಖ ಬೆಳಗಿನಿಂದ ಗಂಟು ಬಿದ್ದಿತ್ತು. ನಾಳೆ ಧಣಿಯ ಅಳಿಯ ಬರುವವನಿದ್ದ. ಬಂದೂಕನ್ನು ತನ್ನೆದುರೇ ಬಿಚ್ಚಿ ಜೋಡಿಸಿ ತೋರಿಸಬೇಕು ಎಂದು ಹೇಳಿ ಕಳಿಸಿದ್ದ. ಕೈ ಸಾಗಲಿಲ್ಲವೆಂದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಗೋದಾಮಿನ ಹಿಂದಿನ ಈ ಎರಡು ಕೋಣೆಯೂ ಹೋಗುತ್ತದೆ. ಕೈ ನಡುಗಲು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಅದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಹಲಗೆಯ ಗೋಡೆಯಾಚೆ, ಬಾಣಂತನಕ್ಕೆ ಬಂದ ಮಗಳು ಮಗುವಿಗೆ ಹಾಲೂಡುತ್ತಿದ್ದಳು. ಅಲ್ಲಿಂದಲೇ ಕೂಗಿದಳು: "ಅಪ್ಪಾ, ಯುದ್ಧ ಮುಗೀತಾ? ಮಗು ಈಗ ಕಣ್ಣು ಮುಚ್ತಿದೆ, ಸದ್ದು ಮಾಡಬೇಡ."

"ನಿಮ್ಮಮ್ಮನ ಮಿಷನ್ನಿಗೆ ಹೇಳಮ್ಮ ಅದನ್ನ," ಎಂದ ಜನರಲ್.

ಹೆಂಡತಿ ಪೆಡಲಿನಿಂದ ಕಾಲು ತೆಗೆದಳು. ಹಳೇ ಬಿಳಿ ಪಂಚೆಯ ಮೇಲೆ ಸಾಲಾಗಿ ಮಲಗಿದ್ದ ಸಾಮಾನುಗಳು ಒಂದೊಂದಾಗಿ ಬಂದೂಕಿಗೆ ಸೇರಿಕೊಂಡವು. ಒಂದು ಸ್ಕ್ರೂ ಎರಡು ಸಲ ಕೈಜಾರಿತು. ಅವಳು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದಳು. ಕೊನೆಗೆ ಅವನು ತೋಟಾಗಳನ್ನು ಒತ್ತುವ ಸ್ಪ್ರಿಂಗಿದ್ದ ಒಳಗೊಳವೆಯನ್ನು ತಳ್ಳಿ ತಿರುಗಿಸಿ ಕೂರಿಸಿದ.

ಇನ್ನು ಉಳಿದದ್ದು ಟ್ರಿಗರ್ ನೋಡುವುದು. ಈ ಜಾತಿಯ ಬಂದೂಕಿನಲ್ಲಿ ಸೂಜಿ ಬಡಿಯುವುದು ತೋಟಾದ ಅಂಚಿಗೆ. ಒಳಗೆ ಏನೂ ಇಲ್ಲದೆ ಎಳೆದರೆ ಅದು ಉಕ್ಕಿಗೇ ಕುಟ್ಟಿ ಮೊಂಡಾಗುತ್ತದೆ. ಅದಕ್ಕೇ ಅವನು ಸಿಡಿದುಹೋದ ಒಂದು ಖಾಲಿ ತೋಟಾ ಇಟ್ಟುಕೊಂಡಿದ್ದ. ಅದರ ಜಾಗ ಅವಳ ಗುಂಡಿಯ ಡಬ್ಬಿ. ಪ್ರತಿಸಲ ಕೈ ಚಾಚಿ, "ಕೊಡೇ ನನ್ನ ಗುಂಡೀನ" ಅನ್ನುತ್ತಿದ್ದ. ಇವತ್ತು ಕೇಳಲಿಲ್ಲ. ತಟ್ಟೆಯಿಂದಲೇ ಅದನ್ನು ಎತ್ತಿಕೊಂಡು, ಒಳಗಿಟ್ಟು, ಬೋಲ್ಟು ಮುಚ್ಚಿ ಟ್ರಿಗರ್ ಎಳೆದ. ಟಿಕ್.

ಡಬ್ಬಿಯಲ್ಲಿರಬೇಕಾದ ಖಾಲಿ ತಟ್ಟೆಗೆ ಹೇಗೆ ಬಂತು ಎಂದು ಅವಳು ತಲೆಯೆತ್ತಿದಳು. ಟ್ರಿಗರನ್ನು ಎರಡು ಸಲ ನೋಡುವುದು ಅವನ ರೂಢಿ. ಕೈ ಮತ್ತೆ ಬೋಲ್ಟಿಗೆ ಹೋಯಿತು. ಬಂದೂಕಿನ ಬಾಯಿ ಹಲಗೆಯ ಗೋಡೆಯ ಕಡೆಗಿತ್ತು.

"ರೀ, ನಿಲ್ಲಿ! ಮುಟ್ಟಬೇಡಿ ಅದನ್ನ."

"ಏನೇ ಅದು, ಪ್ರಾಣ ಹೋದೋರ ಹಾಗೆ?"

"ತಟ್ಟೇಲಿ ಎಷ್ಟಿದೆ?"

"ಎಂಟು. ಎಣಿಸಿದ್ದೀನಿ."

"ನಂಗೆ ಏಳೇ ಕೇಳಿಸ್ತು."

"ಗಡಗಡ ಅನ್ನೋ ಮಿಷನ್ ಮುಂದೆ ಕೂತು ಲೆಕ್ಕ ಬೇರೆ ಇಡ್ತೀಯಾ?"

"ಮೂವತ್ತೊಂದು ವರ್ಷ ಮಿಷನ್ನು, ನಿಮ್ಮ ಗೊರಕೆ ಎರಡನ್ನೂ ಬೇರೆ ಬೇರೆ ಕೇಳಿಸ್ಕೊಂಡ ಕಿವಿ ಇದು. ಈಗ ಎಣಿಸಿ ನೋಡೋಣ. ಮೊದಲು ಅದರ ಮೂತಿ ಆ ಕಡೆ ತಿರುಗಿಸಿ."

ಅವನು ಗೊಣಗುತ್ತಲೇ ಮೂತಿಯನ್ನು ಮೂಲೆಯ ಮರಳು ಚೀಲದ ಕಡೆ ತಿರುಗಿಸಿ ಎಣಿಸಿದ. ಏಳು. ಮತ್ತೆ ಬೆರಳಿಟ್ಟು ಎಣಿಸಿದ. ಏಳು.

"ಖಾಲೀದನ್ನ ತಟ್ಟೆಗೆ ಯಾವಾಗ ಹಾಕಿದ್ರಿ?"

"ಬೆಳಿಗ್ಗೆ." ಅವನ ದನಿ ಇಳಿಯಿತು. "ನಿನ್ನೆದುರು ಕೈ ಚಾಚಿದ್ರೆ ನಡುಗೋದು ಕಾಣುತ್ತೆ ಅಂತ... ನೀನು ನೀರಿಗೆ ಹೋದಾಗ ತೆಗೆದಿಟ್ಟೆ."

ಆ ಖಾಲಿಯನ್ನೂ ಸೇರಿಸಿ ಎಂಟು ಎಣಿಸಿದ್ದ. ಒಂದು ಜೀವಂತ ತೋಟಾ ಕೊಳವೆಯಲ್ಲೇ ಇತ್ತು. ಬೋಲ್ಟು ಹಿಂದೆಳೆದಿದ್ದರೆ ಖಾಲಿ ಹೊರಗೆ ಹಾರಿ ಅದು ಮೇಲೇರಿ ಬರುತ್ತಿತ್ತು.

ಅವನು ಒಳಗೊಳವೆ ಎಳೆದು ಬಂದೂಕನ್ನು ಪಂಚೆಯ ಮೇಲೆ ಬಗ್ಗಿಸಿದ. ಏನೂ ಬೀಳಲಿಲ್ಲ. ಹಿಡಿಯನ್ನು ಅಂಗೈಯಿಂದ ತಟ್ಟಿದ. ಬೀಳಲಿಲ್ಲ. ಕೈ ಈಗ ಮುಚ್ಚುಮರೆಯಿಲ್ಲದೆ ನಡುಗುತ್ತಿತ್ತು. ಅವಳು ಎದ್ದು ಬಂದು, ಹುಟ್ಟಿದಾರಭ್ಯ ಮುಟ್ಟದಿದ್ದ ಬಂದೂಕಿಗೆ ಒಂದು ಕೈ ಕೊಟ್ಟಳು. ಇಬ್ಬರೂ ಹಿಡಿದು ಮೆಲ್ಲಗೆ ತಟ್ಟಿದರು. ಜಿಡ್ಡು ಮೆತ್ತಿದ ಎಂಟನೆಯ ತೋಟಾ ಬಸವನಹುಳುವಿನಂತೆ ಜಾರಿ ಬಂದು ಬಟ್ಟೆಯ ಮೇಲೆ ಸದ್ದಿಲ್ಲದೆ ಬಿತ್ತು.

"ಹೋದ ತಿಂಗಳು ಎಣ್ಣೆ ಜಾಸ್ತಿ ಸುರಿದುಹೋಯ್ತು," ಎಂದ ಅವನು. "ಕೈ."

"ಗೊತ್ತು."

"ಗೊತ್ತಾ?"

"ನಿಮ್ಮ ಅಂಗಿ ಗುಂಡಿ ತೂತೆಲ್ಲ ಯಾರು ದೊಡ್ಡದು ಮಾಡಿದ್ದು ಅಂದ್ಕೊಂಡಿದ್ರಿ ಇಷ್ಟು ದಿನ?"

ಗೋಡೆಯಾಚೆ ಮಗು ಒಮ್ಮೆ ಕುಂಯ್ ಎಂದು ಮತ್ತೆ ಸುಮ್ಮನಾಯಿತು. ಅವನು ಆ ಹಲಗೆಗಳ ಕಡೆ ತಿರುಗಿ ನೋಡಿದ.

"ನಾಳೆ ಆ ಅಳಿಯಂದಿರಿಗೆ ಬಿಚ್ಚಿ ತೋರಿಸಲ್ಲ ಕಣೇ. ನನ್ನ ಕೈಲಿ ಇನ್ನು ಆಗಲ್ಲ ಅಂತ ಹೇಳಿ ಬಂದೂಕು ಒಪ್ಪಿಸಿಬಿಡ್ತೀನಿ. ಗೇಟಿನ ಹತ್ತಿರ ಚೀಟಿ ನೋಡೋ ಕೆಲಸ ಕೇಳ್ತೀನಿ. ಕೊಟ್ರೆ ಕೊಡ್ಲಿ."

"ಕೊಡದಿದ್ರೆ?"

ಅವನು ಬೋಲ್ಟು ತೆಗೆದು ಖಾಲಿ ತೋಟಾವನ್ನು ಅವಳ ಅಂಗೈಗೆ ಹಾಕಿದ. ಅವಳು ಅದನ್ನು ಗುಂಡಿಯ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಮಿಷನ್ನಿನ ಮುಂದೆ ಕೂತಳು. ಪೆಡಲಿನ ಮೇಲೆ ಕಾಲಿಟ್ಟವಳು, ಎದ್ದು ಹೋಗಿ ತಟ್ಟೆಯಲ್ಲಿದ್ದದ್ದನ್ನು ಇನ್ನೊಂದು ಸಲ ಎಣಿಸಿ ಬಂದಳು.