ಬೀಗರನ್ನು ಜರಿದ ಹಾಡು ಯಾರದು?

ಓಯ್, ರಸ್ತೆ ಆ ಕಡೆ ನಿಂತೋರೇ! ಚಾ ಲೋಟ ಅಲ್ಲೇ ಇಟ್ಟು ಈ ಕಡೆ ಕಿವಿ ಕೊಡ್ರೋ! ಜನ್ನಾಪುರದ ಮಾಸ್ತಮ್ಮನ ಕಥೆ ಇದು. ಬಸ್ಸು ಬಂದ್ರೆ ಹೋಗ್ಲಿ ಬಿಡ್ರಿ, ಹಿಂದೆ ಇನ್ನೊಂದು ಬರುತ್ತೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾಸ್ತಮ್ಮ ಭದ್ರಾವತಿಯ ಕಾರ್ಖಾನೆ ಗೇಟಿನ ಹತ್ತಿರ ಒಂದು ಕ್ಯಾಂಟೀನಿನಲ್ಲಿ ದೋಸೆ ಹಿಟ್ಟು ರುಬ್ಬುತ್ತಿದ್ದಳು. ಆದರೆ ಊರಿಗೆ ಅವಳು ಗೊತ್ತಿದ್ದದ್ದು ಹಿಟ್ಟಿನಿಂದಲ್ಲ, ಬಾಯಿಂದ. ಮದುವೆ ಮನೆಯಲ್ಲಿ ಬೀಗರು ಊಟಕ್ಕೆ ಕೂತಾಗ ಅವರನ್ನು ಜರಿದು ಹಾಡುವುದು ಅವರ ಕಡೆಯ ಪದ್ಧತಿ. ಬೀಗನ ಹೊಟ್ಟೆ, ಬೀಗಿತ್ತಿಯ ಜಿಪುಣತನ, ಒಂದನ್ನೂ ಬಿಡುವಂತಿಲ್ಲ. ಪ್ರತಿ ಮದುವೆಗೂ ಮಾಸ್ತಮ್ಮ ಹೊಸ ಮಾತು ಕಟ್ಟುತ್ತಿದ್ದಳು. ಜೊತೆಗೆ ದನಿಗೂಡಿಸಲು ಪಕ್ಕದ ಬೀದಿಯ ಕಾಶಮ್ಮ.

ಕಟ್ಟುವುದು ಅವಳೇ. ಆದರೆ ಕಟ್ಟಿದೆ ಎಂದು ಒಪ್ಪಿಕೊಳ್ಳುವ ಹಾಗಿಲ್ಲ. ಹಾಡು ಶುರುಮಾಡುವ ಮುಂಚೆ, "ಇದು ನಮ್ಮಜ್ಜಿ ಕಾಲದ್ದು, ಬೀಗ್ರು ಬೇಜಾರು ಮಾಡ್ಕೋಬಾರ್ದು" ಎಂದು ಹೇಳಲೇಬೇಕು. ಸತ್ತ ಅಜ್ಜಿಯ ಮೇಲೆ ಯಾರು ಜಗಳಕ್ಕೆ ಹೋಗುತ್ತಾರೆ? ಎಲ್ಲರೂ ನಗುತ್ತಾರೆ, ಪಾಯಸ ಬಡಿಸುತ್ತಾರೆ, ಮುಗಿಯಿತು.

ಅಜ್ಜಿಯ ತಲೆಗೆ ಕಟ್ಟಿದರೂ ಮಾಸ್ತಮ್ಮನಿಗೆ ಹಾಡಿನ ಮೇಲೆ ಭಾರೀ ಕಾವಲು. ಅವಳಿಗೆ ಅನುಮಾನ ಹುಟ್ಟುಗುಣ. ಹಾಲಿನವನು ಬಂದರೆ, ನೀರು ಬೆರೆಸಿದ್ದಾನೋ ಎಂದು ಹಾಲಿಗಿಂತ ಮುಂಚೆ ಅವನ ಮುಖ ನೋಡುತ್ತಾಳೆ. ಚಪ್ಪರದಲ್ಲಿ ಯಾರಾದರೂ ಹೆಂಗಸು ತುಟಿ ಅಲ್ಲಾಡಿಸುತ್ತಾ ಕೂತಿದ್ದರೆ, ಬಾಯಿಪಾಠ ಮಾಡ್ಕೊಳ್ತಿದ್ದಾಳೆ ಎಂದು ಒಂದು ಚರಣವನ್ನೇ ನುಂಗಿಬಿಡುತ್ತಾಳೆ. ಮಡಿಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡ ನೆಂಟರನ್ನು ಪಂಕ್ತಿಯಿಂದ ಎಬ್ಬಿಸಿದ್ದೂ ಉಂಟು.

ಅಂಥವಳ ಮಗಳು ಮೈತ್ರಿಗೆ ಬೇಸಿಗೆಯಲ್ಲಿ ಮದುವೆಯಾಯಿತು. ಗಂಡು ಯೋಗರಾಜ್, ಭದ್ರಾವತಿಯದೇ ಹೊಸಮನೆ ಬಡಾವಣೆಯವನು. ಮಾತುಕತೆಗೆ ಹೋದ ದಿನ ಒಳಗೆ ಕುಕ್ಕರ್ ಕೂಗಿತು. ಯೋಗರಾಜನ ಅಪ್ಪ ರಾಮಯ್ಯ, ಮೂವತ್ತು ವರ್ಷದಿಂದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು, ತೂಕಡಿಸುತ್ತಿದ್ದ ಕುರ್ಚಿಯಿಂದ ದಡಕ್ಕನೆ ಎದ್ದು ಬುತ್ತಿ ಡಬ್ಬಿಗೆ ಕೈಹಾಕಿದರು. ಮಾಸ್ತಮ್ಮ ತುಟಿ ಕಚ್ಚಿಕೊಂಡು ಕಾಫಿ ಕುಡಿದಳು. ಮದುವೆ ಊಟದ ಹೊತ್ತಿಗೆ ಹಾಡು ತಯಾರು:

ಕುಕ್ಕರು ಕೂಗಿದರೆ ಸೈರನ್ನು ಅಂದಾನೆ
ಬುತ್ತೀಯ ಹಿಡಿದು ಓಡ್ಯಾನೆ, ರಾಮಯ್ಯ
ಗೇಟಲ್ಲೆ ಗೊರಕೆ ಹೊಡೆದಾನೆ!

ಚಪ್ಪರ ಹಾರಿಹೋಗುವ ಹಾಗೆ ಜನ ನಕ್ಕರು. ರಾಮಯ್ಯನವರೂ ಎಲೆ ಮುಂದೆ ಕೂತು ನಕ್ಕರು. ಅಜ್ಜಿಯ ಹಾಡಲ್ಲವೇ, ತಮ್ಮ ಹೆಸರೊಂದು ಸೇರಿಸಿದ್ದಾರೆ ಅಂದುಕೊಂಡರು!

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಮೈತ್ರಿ ಏದುಸಿರು ಬಿಡುತ್ತಾ ತವರಿನ ಹೊಸ್ತಿಲಿಗೆ ಬಂದಳು.

"ಅಮ್ಮಾ, ನಿನ್ನ ಹಾಡು ಕ್ಯಾಸೆಟ್ಟಾಗಿದೆ, ಶಿವಮೊಗ್ಗದ ಅಂಗಡೀದಂತೆ! ಬಸ್ ಸ್ಟ್ಯಾಂಡಲ್ಲಿ ಹಾಕ್ತಿದಾರೆ, ಆಟೋದಲ್ಲಿ ಹಾಕ್ತಿದಾರೆ. ಮಾವನ ಹೆಸರೂ ಹಂಗೇ ಇದೆ. ಶಿಫ್ಟಿಗೆ ಹೋದ್ರೆ ಹುಡುಗ್ರೆಲ್ಲ ಕುಕ್ಕರ್ ಥರ ಸೀಟಿ ಹೊಡಿತಾರಂತೆ. ಮೂರು ದಿನ ಆಯ್ತು, ಮನೇಲಿ ಮಾತಿಲ್ಲ, ಸರಿಯಾಗಿ ಊಟ ಇಲ್ಲ. ಕಟ್ಟಿದೋರು ಯಾರು ಅಂತ ಗೊತ್ತಾಗ್ಲಿ, ಅವರ ಮನೆ ನೀರು ಮುಟ್ಟಲ್ಲ ಅಂತಿದಾರೆ. ನೀನು ಮಾತ್ರ ಬಾಯಿ ಬಿಡಬೇಡ. ನಾನು ಆ ಮನೇಲಿ ಬಾಳ್ಬೇಕು."

ಮಾಸ್ತಮ್ಮನ ಅನುಮಾನ ಎದ್ದು ಕೂತಿತು. ಆ ಹಾಡು ಪೂರ್ತಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬಳು ತಾನು. ಇನ್ನೊಬ್ಬಳು?

ಕಾಶಮ್ಮ ಬಚ್ಚಲ ಮುಂದೆ ಬಟ್ಟೆ ಒಗೆಯುತ್ತಿದ್ದಳು. ಮಾಸ್ತಮ್ಮ ಬಾಗಿಲಲ್ಲೇ ನಿಂತು ಅವಳ ಮೈಮೇಲೆ ಕಣ್ಣಾಡಿಸಿದಳು. ಹೊಸ ಸೀರೆ ಇಲ್ಲ, ಕಿವಿಗೆ ಹೊಸ ಓಲೆ ಇಲ್ಲ. ಬಚ್ಚಿಟ್ಟಿರಬೇಕು.

"ಎಷ್ಟಕ್ಕೆ ಮಾರಿದ್ಯೇ?"

"ಏನ್ನ? ಈ ಲಂಗಾನಾ? ತಗೋ ಮಾರಾಯ್ತಿ, ಬಿಟ್ಟಿ ಕೊಡ್ತೀನಿ, ಒಗೆದು ಸಾಕಾಗಿದೆ."

"ನಾಟಕ ಆಡಬೇಡ. ರಾಮಯ್ಯನ ಹಾಡು ಶಿವಮೊಗ್ಗದ ಕ್ಯಾಸೆಟ್ಟಲ್ಲಿ ಬಂದಿದೆ."

ಕಾಶಮ್ಮ ಸೋಪಿನ ಕೈಯನ್ನು ಸೊಂಟಕ್ಕಿಟ್ಟು ಎದ್ದು ನಿಂತಳು. "ಅಯ್ಯೋ, ನಾನು ದನಿಗೂಡಿಸಿದ ಹಾಡು ಕ್ಯಾಸೆಟ್ಟಲ್ಲಿ ಬಂದಿದೆ, ನಂಗೇ ಗೊತ್ತಿಲ್ವಲ್ಲೇ! ನಡಿ, ಇವತ್ತೇ ಶಿವಮೊಗ್ಗಕ್ಕೆ ಹೋಗೋಣ. ನಮ್ಮಣ್ಣನ ಮಗಳು ಸಮತಾ ಅಲ್ಲೇ ಲಾಯರ್ ಅಲ್ವಾ? ಅವಳನ್ನೂ ಕೇಳೋಣ. ಕಳ್ಳಿ ಯಾರು ಅಂತ ಗೊತ್ತಾಗ್ಲಿ."

ಇಷ್ಟು ಬೇಗ ಒಪ್ಪಿಕೊಂಡಳಲ್ಲ, ಇದರಲ್ಲೂ ಏನೋ ಇದೆ ಎಂದುಕೊಂಡು ಮಾಸ್ತಮ್ಮ ಬಸ್ಸಿನಲ್ಲಿ ಅವಳ ಪಕ್ಕ ಕೂರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಶಿವಮೊಗ್ಗದವರೆಗೂ ಕಾಶಮ್ಮನ ತುರುಬನ್ನೇ ಕಾದಳು.

ದುರ್ಗಿಗುಡಿಯ ಕ್ಯಾಸೆಟ್ ಅಂಗಡಿಯ ಮುಂದೆಯೇ ಹಾಡು ಬಡಿದುಕೊಳ್ಳುತ್ತಿತ್ತು. ಮಾಲೀಕ ಗಣೇಶ್ ಎಂಬ ನಗುಮುಖದವನು. ಆ ನಗುವನ್ನು ಮಾಸ್ತಮ್ಮ ಹಾಲಿನವನ ಲೆಕ್ಕಕ್ಕೇ ಸೇರಿಸಿದಳು. ಡಬ್ಬಿಯ ಮೇಲೆ ಯಾರೋ ಹೂ ಮುಡಿದ ಹುಡುಗಿಯ ಚಿತ್ರ, ಕೆಳಗೆ 'ಜಾನಪದ' ಎಂಬ ಒಂದೇ ಮಾತು.

"ಯಾರು ಕೊಟ್ಟಿದ್ದು ನಿಂಗೆ ಇದನ್ನ?" ಎಂದಳು.

"ಮೈಕ್ ಸೆಟ್‌ನೋರು. ಆಂಪ್ಲಿಫೈಯರಿಗೇ ಟೇಪ್ ಡೆಕ್ ಸಿಕ್ಕಿಸಿರ್ತಾರೆ, ಮೈಕಲ್ಲಿ ಬಂದಿದ್ದೆಲ್ಲ ಹಂಗೇ ಇಳಿಯುತ್ತೆ. ಕ್ಲಿಯರ್ ಇದೆ ಅಲ್ವಾ ಅಕ್ಕ?"

ನೆಂಟರ ಮಡಿಲನ್ನೆಲ್ಲ ತಡಕಿದವಳು ಬಾಯಿಗಿಟ್ಟುಕೊಂಡ ಮೈಕನ್ನೇ ಅನುಮಾನಿಸಿರಲಿಲ್ಲ. ಕಾಶಮ್ಮ ಗೆದ್ದ ಹಾಗೆ ಕೆಮ್ಮಿದಳು. ಮಾಸ್ತಮ್ಮ ಅವಳ ಕಡೆ ತಿರುಗಲಿಲ್ಲ.

"ಹಾಡು ನಂದು. ನಿಲ್ಸು."

"ನಿಮ್ದಾ?" ಗಣೇಶ್ ನಗುತ್ತಲೇ ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ ಗುಂಡಿ ಒತ್ತಿದ. ಗರಗರ ಸದ್ದಿನ ನಡುವೆ ಮಾಸ್ತಮ್ಮನ ದನಿಯೇ ಎದ್ದು ಬಂತು: "ಇದು ನಮ್ಮಜ್ಜಿ ಕಾಲದ್ದು, ಬೀಗ್ರು ಬೇಜಾರು ಮಾಡ್ಕೋಬಾರ್ದು."

"ನೀವೇ ಹೇಳಿದೀರಲ್ಲಕ್ಕ. ಅಜ್ಜಿ ಕಾಲದ್ದು ಅಂದ್ರೆ ಎಲ್ಲರ್ದೂ ಆಯ್ತು. ನೀವೂ ಒಂದು ಕ್ಯಾಸೆಟ್ ತಗೊಳ್ಳಿ, ಮೂರು ರೂಪಾಯಿ ಬಿಡ್ತೀನಿ."

ಸಮತಾಳ ಆಫೀಸು ಕೋರ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಅತ್ತೆ ಕಾಶಮ್ಮನಿಗೆ ಕುರ್ಚಿ, ಮಾಸ್ತಮ್ಮನಿಗೆ ಬೆಂಚು ಸಿಕ್ಕಿತು. ಅದನ್ನೂ ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು. ಹುಡುಗಿ ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟಳು.

"ಧಾಟಿ ಯಾರ್ದು?"

"ಅದು ಹಳೇದೇ. ಎಲ್ರೂ ಅದ್ರಲ್ಲೇ ಹಾಡೋದು."

"ಹಂಗಾದ್ರೆ ಧಾಟಿ ಯಾರ್ದೂ ಅಲ್ಲ. ಬೀಗರನ್ನ ಜರಿಯೋದನ್ನೂ ಯಾರೂ ತಡೆಯೋಕಾಗಲ್ಲ, ಅದು ಬರೀ ಯೋಚನೆ. ಕುಕ್ಕರು, ಸೈರನ್ನು, ಈ ಮಾತೆಲ್ಲ ಕಟ್ಟಿದ್ದು?"

ಮಾಸ್ತಮ್ಮ ಬಾಗಿಲ ಕಡೆ ನೋಡಿದಳು. ಹೊರಗೆ ಯಾರಾದರೂ ಹೊಸಮನೆಯವರು ನಿಂತಿದ್ದರೆ? "...ಯಾಕೆ ಬೇಕು ನಿಂಗೆ?"

"ಕಟ್ಟಿದೋರ್ದೇ ಹಕ್ಕು, ಅದಕ್ಕೆ."

"ಸರ್ಕಾರದಲ್ಲಿ ಬರೆಸಿಲ್ವಲ್ಲ ನಾನು."

"ಬರೆಸಲೇಬೇಕು ಅಂತಿಲ್ಲ. ಹಾಡು ಕಾಗದಕ್ಕೋ ಟೇಪಿಗೋ ಇಳಿದ ಗಳಿಗೆಯಿಂದ ಕಾಪಿರೈಟ್ ನಿಮ್ದೇ. ನೀವಿರೋವರೆಗೂ ನಿಮ್ದು, ನೀವು ಹೋದ್ಮೇಲೂ ಅರವತ್ತು ವರ್ಷ ಮೈತ್ರಿದು. ಅದೂ ಅಲ್ದೆ ಹಾಡಿರೋ ದನಿ ನಿಮ್ಮಿಬ್ರದು. ಕೇಳ್ದೆ ಟೇಪ್ ಮಾಡಿ ಮಾರೋ ಹಂಗಿಲ್ಲ ಅಂತ ಈಚೆಗೆ ಕಾನೂನಲ್ಲಿ ಸೇರ್ಸಿದಾರೆ. ಅವನ ಕ್ಯಾಸೆಟ್ಟೇ ನಮಗೆ ಸಾಕ್ಷಿ."

"ಹಂಗಾದ್ರೆ ನಿಲ್ಸು ಮಾರಾಯ್ತಿ!"

"ನಿಲ್ಸೋ ನೋಟೀಸಲ್ಲಿ ನೀವೇ ಕಟ್ಟಿದ್ದು ಅಂತ ಬರೀಬೇಕು, ಆಂಟಿ. ಅಜ್ಜಿದು ಅಂತ ಬರೆದ್ರೆ ಗಣೇಶ್ ಹೇಳಿದ್ದೇ ಸರಿಯಾಗುತ್ತೆ. ದನಿ ನಿಮ್ದು ಅಂತ ಈ ಟೇಪ್ ನಿಲ್ಸಿದ್ರೂ, ಒಡೆಯರಿಲ್ಲದ ಹಾಡನ್ನ ಬೇರೆಯೋರ ಕೈಲಿ ಹಾಡಿಸಿ ಯಾರು ಬೇಕಾದ್ರೂ ಮಾರಬಹುದು. ನೋಟೀಸಿನ ಜೊತೆಗೆ ಹಾಡು ಪೂರ್ತಿ ಬರೆದು ಕೆಳಗೆ ಸೈನ್ ಹಾಕಿ ಕಳ್ಸಿ."

ತನ್ನದಲ್ಲ ಅಂದರೆ ಹಾಡು ನಿಲ್ಲುವುದಿಲ್ಲ, ಬೀಗರ ಮಾನ ದಿನಾ ಬೀದಿಗೆ. ತನ್ನದು ಅಂದರೆ ಬೀಗರೇ ಬಾಗಿಲು ಹಾಕುತ್ತಾರೆ. ಮಾಸ್ತಮ್ಮನಿಗೆ ಈ ಕಾನೂನಿನ ಮೇಲೆಯೇ ಅನುಮಾನ ಬಂತು. ವಾಪಸ್ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಕೂತವಳು ಭದ್ರಾವತಿ ಬಂದ ಕೂಡಲೇ ಜನ್ನಾಪುರದ ಕಡೆ ತಿರುಗದೆ ಹೊಸಮನೆಯ ದಾರಿ ಹಿಡಿದಳು. ಕರೆಯದಿದ್ದರೂ ಕಾಶಮ್ಮ ಹಿಂದೆಯೇ ಬಂದಳು.

ರಾಮಯ್ಯನವರು ಕುರ್ಚಿಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಬೀಗಿತ್ತಿ ಶಾಂತಮ್ಮ ನೀರು ತಂದಿಟ್ಟರು. ನೀರಿನ ಚೊಂಬನ್ನು ಮಾಸ್ತಮ್ಮ ಮುಟ್ಟಲಿಲ್ಲ. ಮಾತು ಕೇಳಿದ ಮೇಲೆ ಕಿತ್ತುಕೊಂಡರೆ?

"ಬೀಗ್ರೇ, ಆ ಹಾಡು ಅಜ್ಜಿದಲ್ಲ. ನಾನೇ ಕಟ್ಟಿದ್ದು. ಕ್ಯಾಸೆಟ್ ಮಾಡಿದ್ದು ನಾನಲ್ಲ."

ಒಳಬಾಗಿಲಲ್ಲಿ ಮೈತ್ರಿ ಸೆರಗು ಬಾಯಿಗಿಟ್ಟುಕೊಂಡಳು. ಶಾಂತಮ್ಮ ಮಾಸ್ತಮ್ಮನ ಮುಖ ನೋಡಿದರು, ಗಂಡನ ಬೆನ್ನು ನೋಡಿದರು, ಆಮೇಲೆ ಕೇಳಿದರು:

"ನಿಮ್ಮಜ್ಜಿ ಕಾಲ್ದಲ್ಲಿ ಕುಕ್ಕರ್ ಎಲ್ಲಿತ್ತು ಬೀಗ್ರೇ?"

"ಆಂ?"

"ಚಪ್ಪರದಲ್ಲೇ ಗೊತ್ತಾಗಿತ್ತು. ಎಲ್ರಿಗೂ. ಅಜ್ಜಿ ಅಂದ್ರಲ್ಲ, ಮರ್ಯಾದೆಗೆ ಸುಮ್ನಿದ್ವಿ."

ರಾಮಯ್ಯನವರು ಕುರ್ಚಿ ಸಮೇತ ತಿರುಗಿದರು. "ನಿಂಗೆ ಗೊತ್ತಿತ್ತಾ? ನಂಗ್ಯಾಕೆ ಹೇಳ್ಲಿಲ್ಲ?"

"ನೀವು ನಗ್ತಾ ಇದ್ರಲ್ಲ. ಅಪರೂಪಕ್ಕೆ."

ರಾಮಯ್ಯನವರು ಕುರ್ಚಿಯನ್ನು ಮಾಸ್ತಮ್ಮನ ಕಡೆಗೆ ಎಳೆದುಕೊಂಡರು. "ಚಪ್ಪರದಲ್ಲಿ ಜರಿದಿದ್ದು ಜರಿದಿದ್ದೇ, ಅದು ಪದ್ಧತಿ. ಬಸ್ ಸ್ಟ್ಯಾಂಡಲ್ಲಿ ಜರಿಯೋಕೆ ಆ ಗಣೇಶ ನಂಗೇನು ಬೀಗನಾ? ನಿಲ್ಸೋಕಾಗುತ್ತಾ?"

"ನಂದು ಅಂತ ಬರೆದ್ರೆ ಆಗುತ್ತಂತೆ."

"ಮತ್ತೆ ಬರೀರಿ! ಮೈತ್ರೀ, ಕಾಗದ ತಾರಮ್ಮ."

ಮಾಸ್ತಮ್ಮ ಹೇಳುತ್ತಾ ಹೋದಳು, ಮೈತ್ರಿ ಬರೆಯುತ್ತಾ ಹೋದಳು. ರಾಮಯ್ಯನವರು ಕತ್ತು ಚಾಚಿ ಒಂದೊಂದು ಸಾಲನ್ನೂ ಕಾಯುತ್ತಿದ್ದರು. ಇಷ್ಟು ಸಲೀಸಾಗಿ ಒಪ್ಪಿದರಲ್ಲ, ಏನು ಹೂಡಿದ್ದಾರೋ ಎಂದು ಮಾಸ್ತಮ್ಮನೂ ಅವರನ್ನು ಕಾಯುತ್ತಿದ್ದಳು. ಅವಳ ಅನುಮಾನ ಸುಳ್ಳಾಗಲಿಲ್ಲ.

"ಅಲ್ಲಿ ತಡೀರಿ. ಗೇಟಲ್ಲಿ ನಾನು ಗೊರಕೆ ಹೊಡೆದಿಲ್ಲ. ಕೋರ್ಟಿಗೆ ಹೋಗೋ ಕಾಗದ ಇದು. ಅದನ್ನ ತೆಗೀರಿ. 'ಗೇಟಲ್ಲೆ ಕಾದು ನಿಂತಾನೆ' ಅಂತ ಬರೀರಿ."

ಮೈತ್ರಿಯ ಪೆನ್ನು ನಿಂತಿತು. ಅಮ್ಮನ ಕಡೆ ನೋಡಿ, ಬಿಟ್ಟುಬಿಡು ಎಂದು ಕಣ್ಣಲ್ಲೇ ಬೇಡಿಕೊಂಡಳು. ಮಾಸ್ತಮ್ಮ ಸೆರಗು ಸರಿಮಾಡಿಕೊಂಡಳು.

"ಹಾಡು ನಂದು ಬೀಗ್ರೇ. ಹಾಡಬೇಡಿ ಅಂದ್ರೆ ಎಲ್ಲೂ ಹಾಡಲ್ಲ. ಮಾತು ಮಾತ್ರ ಬದಲಾಯ್ಸಲ್ಲ."

ಶಾಂತಮ್ಮ ಮೊದಲು ಕಿಸಕ್ಕೆಂದರು. ಕಾಶಮ್ಮ ಗೋಡೆಗೆ ಮುಖ ಒತ್ತಿಕೊಂಡು ಅಲುಗಾಡಿದಳು. ರಾಮಯ್ಯನವರು ಮೀಸೆ ತಿರುವಿ, "ಗೊರಕೆನೇ ಬರಿಯಮ್ಮ. ನಿಮ್ಮಮ್ಮ ಕೇಳಲ್ಲ" ಎಂದು ಚೊಂಬನ್ನು ಬೀಗಿತ್ತಿಯ ಕಡೆ ಸರಿಸಿದರು. ಮಾಸ್ತಮ್ಮ ನೀರು ಕುಡಿದು, ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಳು.

ಜನ್ನಾಪುರಕ್ಕೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಕಾಶಮ್ಮನ ಮನೆಯ ಮುಂದೆ ಇಬ್ಬರೂ ನಿಂತರು. ಬೆಳಿಗ್ಗೆ ಆಡಿದ ಮಾತನ್ನು ಒಬ್ಬರೂ ಎತ್ತಲಿಲ್ಲ.

"ನಾಳೆ ನಂಗೆ ಕ್ಯಾಂಟೀನಿದೆ. ಸಮತಾಗೆ ಇದನ್ನ ಯಾರು ಮುಟ್ಟಿಸ್ತಾರೋ" ಎಂದಳು ಮಾಸ್ತಮ್ಮ, ಬೀದಿಗೆ ಹೇಳುವ ಹಾಗೆ.

"ಯಾರಾದ್ರೂ ನಂಬಿಕಸ್ಥರನ್ನ ನೋಡು ಮಾರಾಯ್ತಿ. ನಾನು ದಾರೀಲಿ ಮಾರಿಬಿಟ್ರೆ?"

ಮಾಸ್ತಮ್ಮ ರವಿಕೆಯೊಳಗೆ ಮಡಿಚಿಟ್ಟಿದ್ದ ಕಾಗದ ತೆಗೆದಳು. ದೀಪದ ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ಒಂದು ಸಲ ಓದಿಕೊಂಡಳು. ಆಮೇಲೆ ಅದನ್ನು ಕಾಶಮ್ಮನ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮುಚ್ಚಿ, ಮನೆಗೆ ಹೋದಳು.