ಒಣ ನಲ್ಲಿಯ ಮನೆಯಲ್ಲಿ ನೀರಿನ ಸದ್ದು

ದೇವರನ್ನು ನಂಬಿ ಬದುಕಿದವಳು ನಾನು. ಆದರೂ ಯಾರಾದರೂ ತಮಗೆ ಏನೋ ಕಾಣಿಸಿತು, ಕೇಳಿಸಿತು ಎಂದರೆ, ಪಾಪ, ನಿದ್ದೆ ಸಾಲದೇನೋ ಎಂದುಕೊಂಡು ಮಾತು ಬದಲಿಸುತ್ತಿದ್ದೆ. ನನಗೇ ಆಗುವವರೆಗೆ ಹಾಗೇ ಇದ್ದೆ.

ಆಗ ನಾವು ಚೆನ್ನೈನ ಮಾಧವರಂನಲ್ಲಿ ಬಾಡಿಗೆಗಿದ್ದೆವು. ಎರಡು ಸಾವಿರದ ಎಂಟನೆಯ ಇಸವಿಯ ಬೇಸಿಗೆ. ನಲ್ಲಿ ಒಣಗಿ ಹತ್ತು ದಿನವಾಗಿತ್ತು. ಲಾರಿ ಬಂದಾಗ ಆರು ಕೊಡ ಸಿಕ್ಕರೆ ಅವತ್ತಿನ ಪುಣ್ಯ. ರಾಯರ ಪಟಕ್ಕೆ ಹೂವಿಟ್ಟು, ತುಂಬಿದ ಕೊಡಗಳಿಗೆ ಮುಚ್ಚಳ ಮುಚ್ಚಿದರೆ ನನಗೆ ಅಷ್ಟೇ ಸಾಕೆನಿಸುತ್ತಿತ್ತು.

ನಮ್ಮ ಯಜಮಾನರಿಗೆ ಪೆರುಂಗುಡಿಯ ಆಫೀಸೊಂದರಲ್ಲಿ ಹೊಸ ಕೆಲಸ. ಹಿಂದಿನ ಕಂಪನಿ ಮುಚ್ಚಿ ಐದು ತಿಂಗಳು ಮನೆಯಲ್ಲಿ ಕುಳಿತ ಮೇಲೆ ಸಿಕ್ಕಿದ್ದು. ಕಟ್ಟಡ ಏಳುವ ಮೊದಲೇ ಅದರ ತೊಲೆ, ಗಾಳಿಯ ಕೊಳವೆ, ನೀರಿನ ಪೈಪುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಿ, ಯಾವುದು ಯಾವುದರೊಳಗೆ ನುಗ್ಗಿದೆ ಎಂದು ನೋಡುವುದು. ಕ್ಲ್ಯಾಶ್ ಟೆಸ್ಟ್ ಎನ್ನುತ್ತಿದ್ದರು. ಅವತ್ತು ಭಾನುವಾರ. ಚೆನ್ನೈನಲ್ಲೇ ಕಟ್ಟುತ್ತಿದ್ದ ಹೆರಿಗೆ ಆಸ್ಪತ್ರೆಯೊಂದರ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಮನೆಗೆ ತಂದಿದ್ದರು. ಮರುದಿನ ಬೆಳಗ್ಗೆ ಅವರ ಹೆಸರಿನಲ್ಲಿ ವರದಿ ಹೋಗಬೇಕು. ಅದನ್ನು ನಂಬಿ ಅಲ್ಲಿ ಪೈಪ್ ಹಾಕಲು ಶುರುಮಾಡುತ್ತಾರೆ.

ಊಟವಾದ ಮೇಲೆ ಟೆಸ್ಟ್ ಓಡಿಸಿದರು. ಸೊನ್ನೆ. ಒಂದೂ ಕ್ಲ್ಯಾಶ್ ಇಲ್ಲ. "ನಿನ್ನ ರಾಯರು ಕಾಪಾಡಿದ್ರು ಅನ್ಕೋ" ಎಂದು ಕಾಲು ಚಾಚಿದರು. ಆಗಲೇ ನನಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿದ್ದು.

ಬಚ್ಚಲು, ಅಡುಗೆಮನೆ ಎಲ್ಲ ನೋಡಿಬಂದೆ. ಎಲ್ಲೂ ಒಂದು ಹನಿ ಬಿದ್ದಿರಲಿಲ್ಲ. ಅವರ ಪಕ್ಕ ಬಂದು ನಿಂತರೆ ಸದ್ದು ಜೋರು.

"ರೀ, ನೀರು ತೊಟ್ಟಿಕ್ತಿದೆ ಕಣ್ರೀ."

"ನಮ್ಮನೇಲಾ? ಹಿಡಿದಿಟ್ಕೋ ಮತ್ತೆ, ಲಾರಿಯವನ ಕಾಟ ತಪ್ಪುತ್ತೆ."

ನನಗೆ ನಗು ಬರಲಿಲ್ಲ. ಪರದೆಯ ಮೇಲೆ ಅವರು ಚಿತ್ರ ತಿರುಗಿಸಿದಂತೆಲ್ಲ ಸದ್ದು ಹತ್ತಿರವಾಗುತ್ತಿತ್ತು. ಒಂದು ಕಡೆ ಬೆರಳಿಟ್ಟು ಇಲ್ಲಿ ಎಂದೆ.

"ಅದು ಆಗತಾನೆ ಹುಟ್ಟಿದ ಮಕ್ಕಳನ್ನ ಮಲಗಿಸೋ ರೂಮು. ನಿಂಗೇನೇ ಗೊತ್ತು ಇದರಲ್ಲಿ" ಎನ್ನುತ್ತಲೇ ದೊಡ್ಡದು ಮಾಡಿ ನೋಡಿದವರು ಚಾಚಿದ ಕಾಲು ಒಳಗೆಳೆದುಕೊಂಡರು. ಆ ರೂಮಿನ ನೆತ್ತಿಯ ಮೇಲೆ ಕೊಳೆನೀರಿನ ಪೈಪೊಂದು ತೊಲೆಯ ಹೊಟ್ಟೆಯನ್ನೇ ಸೀಳಿಕೊಂಡು ಹೋಗಿತ್ತು.

ಶನಿವಾರ ಬಂದ ಪೈಪುಗಳ ಹೊಸ ಫೈಲನ್ನು ಚಿತ್ರಕ್ಕೆ ಸೇರಿಸಿದ್ದರು. ಟೆಸ್ಟಿನ ಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕುವುದನ್ನು ಮರೆತಿದ್ದರು. ಪೈಪುಗಳು ಕಣ್ಣಿಗೆ ಕಾಣುತ್ತಿದ್ದವು, ಪರೀಕ್ಷೆಗೆ ಕೂತಿರಲಿಲ್ಲ. ಉಳಿದದ್ದೆಲ್ಲ ಹಿಂದಿನ ವಾರಗಳಲ್ಲೇ ಸರಿಯಾಗಿತ್ತು, ಹಾಗಾಗಿ ಸೊನ್ನೆ. ಗುರುತು ಹಾಕಿ ಮತ್ತೆ ಓಡಿಸಿದರೆ ಪರದೆ ತುಂಬ ಕೆಂಪು. "ಇದು ಹಾಗೇ ಹೋಗಿದ್ರೆ ನನ್ನ ಮತ್ತೆ ಮನೇಲಿ ಕೂರಿಸೋರು" ಎಂದು ಮೆಲ್ಲಗೆ ಹೇಳಿದರು. ಸದ್ದು ನಿಂತಿತ್ತು. ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

ಸರಿಯಾದ ವರದಿ ಹೋಯಿತು, ಪೈಪಿನ ದಾರಿ ಬದಲಾಯಿತು, ಕೆಲಸ ಉಳಿಯಿತು. ಪಕ್ಕದ ಮನೆಯ ಸದ್ದಿರಬೇಕು ಎಂದು ಅವರು ಈಗಲೂ ಹೇಳುತ್ತಾರೆ. ಪಕ್ಕದ ಮನೆಗೂ ಅದೇ ಲಾರಿಯ ನೀರು. ರಾಯರೇ ಕೇಳಿಸಿದರು ಎನ್ನಲು ನನಗೆ ಧೈರ್ಯ ಸಾಲದು. ಅಷ್ಟು ದೊಡ್ಡವರು ನಮ್ಮ ಪೈಪಿಗೆಲ್ಲ ಬರುತ್ತಾರೆಯೇ?

ಎರಡು ವರ್ಷದ ಮೇಲೆ ಪರಿಚಯದವರ ಮಗಳ ಮಗುವನ್ನು ನೋಡಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಗಾಜಿನಾಚೆ ಮಕ್ಕಳು ಸಾಲಾಗಿ ಮಲಗಿದ್ದವು. ನಾನು ಅವುಗಳ ಮೇಲಿನ ಸೀಲಿಂಗಿಗೆ ಕಿವಿಗೊಟ್ಟು ಎಷ್ಟೋ ಹೊತ್ತು ನಿಂತೆ. ಏನೂ ಕೇಳಿಸಲಿಲ್ಲ. ನರ್ಸಮ್ಮ ಬಂದು, "ಎನ್ನಮ್ಮಾ, ಮೇಲೆ ಎನ್ನ ಪಾಕ್ಕಿರೀಂಗ?" ಎಂದರು. ಮೇಲೆ ಏನು ನೋಡುತ್ತಿದ್ದೇನೆಂದು ಯಾವ ಭಾಷೆಯಲ್ಲಿ ಹೇಳಲಿ? ಮಗು ಮುದ್ದಾಗಿದೆ ಎಂದಷ್ಟೇ ಹೇಳಿ ಬಂದೆ.